ಮಿತಿ ಇದ್ದರೂ ಕಾರ್ಡ್ ನಡೆಯದೇಕೆ?

ಪ್ರಶ್ನೆ: ಕಳೆದ ತಿಂಗಳು ಬಂದ ನನ್ನ ಕ್ರೆಡಿಟ್ ಕಾರ್ಡು ಕಿರಾಣಿ ಅಂಗಡಿಯ ಯಂತ್ರದಲ್ಲಿ ಸರಿಯಾಗಿ ನಡೆಯುತ್ತದೆ. ಆದರೆ ಆನ್‌ಲೈನ್‌ನಲ್ಲಿ ರೈಲು ಟಿಕೆಟ್ ಕೊಳ್ಳಲು ಹೋದರೆ ತಿರಸ್ಕೃತವಾಗುತ್ತದೆ. ಎಟಿಎಂನಲ್ಲಿ 20,000 ರೂಪಾಯಿಯೂ ಬರಲಿಲ್ಲ. ಮಿತಿಯಲ್ಲಿ ಇನ್ನೂ 60,000 ರೂಪಾಯಿ ಉಳಿದಿದೆ. ಕಾರಣವೇನು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಂಗಡಿಯಲ್ಲಿ ನಡೆಯುತ್ತಿರುವುದರಿಂದ ಕಾರ್ಡು ಕೆಟ್ಟಿರುವ ಸಂಭವ ಕಡಿಮೆ. ರಿಸರ್ವ್ ಬ್ಯಾಂಕಿನ 2020ರ ಸೂಚನೆಯಂತೆ, ಹೊಸ ಕಾರ್ಡಿನಲ್ಲಿ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಿಗೆ ತೂರಿಸಿ ಬಳಸುವ ಸೌಲಭ್ಯವಷ್ಟೇ ತೆರೆದಿರುತ್ತದೆ. ಆನ್‌ಲೈನ್ ಖರೀದಿ, ವಿದೇಶಿ ವಹಿವಾಟು ಮತ್ತು ತಾಗಿಸಿ ಪಾವತಿಸುವ ಸೌಲಭ್ಯಗಳನ್ನು ಗ್ರಾಹಕರೇ ಬ್ಯಾಂಕಿನ ಆ್ಯಪ್ ಅಥವಾ ನೆಟ್‌ಬ್ಯಾಂಕಿಂಗ್ ಮೂಲಕ ಚಾಲೂ ಮಾಡಿಕೊಳ್ಳಬೇಕು. ಚಾಲೂ ಮಾಡುವಾಗ ಅಲ್ಲಿಯೇ ಇರುವ ವಹಿವಾಟಿನ ಮಿತಿಯನ್ನೂ ನೋಡಿಕೊಳ್ಳಿ. ಟಿಕೆಟ್ ದರಕ್ಕಿಂತ ಅದು ಕಡಿಮೆಯಿದ್ದರೆ ಪಾವತಿ ಮತ್ತೆ ನಿಲ್ಲುತ್ತದೆ.

ಎಟಿಎಂನ ವಿಚಾರವೇ ಬೇರೆ. ನೀವು ಹೇಳುವ 60,000 ರೂಪಾಯಿ ಖರೀದಿಗೆ ಉಳಿದ ಮಿತಿ. ನಗದು ಪಡೆಯಲು ಅದರೊಳಗೇ ಚಿಕ್ಕದೊಂದು ಉಪಮಿತಿ ಇರುತ್ತದೆ, ತಿಂಗಳ ಸ್ಟೇಟ್‌ಮೆಂಟಿನಲ್ಲಿ ಅದನ್ನು ಪ್ರತ್ಯೇಕವಾಗಿ ನಮೂದಿಸಿರುತ್ತಾರೆ. ಪಿನ್ ಹಲವು ಬಾರಿ ತಪ್ಪಿದರೂ ಕಾರ್ಡು ತಾತ್ಕಾಲಿಕವಾಗಿ ತಡೆಯಲ್ಪಡುತ್ತದೆ. ಆದರೂ ಹಣ ಬರದಿದ್ದುದು ಒಳ್ಳೆಯದೇ ಆಯಿತೆನ್ನುತ್ತೇನೆ: ನಗದಿಗೆ ಬಡ್ಡಿರಹಿತ ಅವಧಿಯಿಲ್ಲ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ, ಜೊತೆಗೆ ಶುಲ್ಕವೂ ಬೀಳುತ್ತದೆ.

ನೋಟು ಬಾರದೆ ಲೆಕ್ಕಕ್ಕೆ ಮಾತ್ರ ಖರ್ಚು ಬಿದ್ದಿದ್ದರೆ, ವಹಿವಾಟಿನ ನಂತರದ 5 ದಿನಗಳೊಳಗೆ ಬ್ಯಾಂಕು ತಾನಾಗಿಯೇ ಅದನ್ನು ಹಿಂದಿರುಗಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲುತ್ತದೆ.