ಪದ–ಪ್ರಶ್ನೆ: ‘ಚಾರ್ಜ್’ ಎಂಬ ಹೊರೆ

ಪ್ರಶ್ನೆ: ಸುದ್ದಿ ಅನುವಾದದ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಇಂಗ್ಲಿಷಿನ ‘ಚಾರ್ಜ್’ ಪದಕ್ಕೆ ನಿಘಂಟಿನಲ್ಲಿ ಶುಲ್ಕ, ಆರೋಪ, ದಾಳಿ, ಹೊಣೆ, ವಿದ್ಯುದಾವೇಶ, ಋಣಭಾರ ಎಂದು ಒಂದಕ್ಕೊಂದು ನಂಟಿಲ್ಲದ ಅರ್ಥಗಳಿವೆ. ಇವೆಲ್ಲ ಒಂದೇ ಪದದ ಅರ್ಥಗಳೇ? ಯಾವುದನ್ನು ಎಲ್ಲಿ ಬಳಸಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಒಂದೇ ಪದ, ನಂಟೂ ಇದೆ. ಲ್ಯಾಟಿನ್ ಭಾಷೆಯಲ್ಲಿ ‘ಕಾರ್ರುಸ್’ ಎಂದರೆ ಗಾಡಿ. ರೋಮನರು ಅದನ್ನು ಗಾಲ್ ಪ್ರಾಂತದ ಕೆಲ್ಟಿಕ್ ಜನರಿಂದ ಎರವಲು ಪಡೆದಿದ್ದರು. ಅದರಿಂದ ‘ಗಾಡಿಗೆ ಹೇರು’ ಎಂಬ ಅರ್ಥದ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚನ್ನು ಹಾದು, 13ನೆಯ ಶತಮಾನದಲ್ಲಿ ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂತು. ಕಾರು, ಕಾರ್ಗೋ, ಕ್ಯಾರಿ ಇವೆಲ್ಲ ಅದರ ದಾಯಾದಿಗಳು. ವ್ಯಂಗ್ಯಚಿತ್ರಕಾರರ ‘ಕ್ಯಾರಿಕೇಚರ್’ ಕೂಡ ಇಟಲಿಯ ದಾರಿಯಲ್ಲಿ ಬಂದ ಅದೇ ಮನೆತನದ ಪದ. ಮೂಗನ್ನೋ ಹೊಟ್ಟೆಯನ್ನೋ ಅಳತೆ ಮೀರಿ ಹೇರಿದ ಚಿತ್ರವೇ ಅಲ್ಲವೇ ಅದು!

ಹೇರುವುದು, ಹೊರಿಸುವುದು ಮೂಲಾರ್ಥವೆಂದು ಹಿಡಿದರೆ ನಿಘಂಟಿನ ಸಾಲು ಅಷ್ಟು ಗೊಂದಲಮಯವಾಗಿ ಕಾಣುವುದಿಲ್ಲ. ಒಬ್ಬನ ಮೇಲೆ ಹಣದ ಹೊರೆ ಹೊರಿಸಿದರೆ ಶುಲ್ಕ, ತಪ್ಪನ್ನು ಹೊರಿಸಿದರೆ ಆರೋಪ, ಕೆಲಸವನ್ನು ಹೊರಿಸಿದರೆ ಹೊಣೆ, ಜಮೀನಿನ ಮೇಲೆ ಸಾಲವನ್ನು ಹೊರಿಸಿದರೆ ಋಣಭಾರ. ಕನ್ನಡದ ‘ಹೊರಿಸು’ ಕೂಡ ಇದೇ ಕೆಲಸವನ್ನು ಮಾಡುತ್ತದೆ ಎಂಬುದನ್ನು ಗಮನಿಸಿ: ತಪ್ಪು ಹೊರಿಸಿದರು, ಹೊಣೆ ಹೊರಿಸಿದರು, ಅಪವಾದ ಹೊರಿಸಿದರು ಎನ್ನುತ್ತೇವೆ. ಸಂಸ್ಕೃತದಿಂದ ಬಂದ ‘ಆರೋಪ’ಕ್ಕೂ ‘ಮೇಲೆ ಏರಿಸುವುದು’ ಎಂದೇ ಮೂಲಾರ್ಥ. ಬ್ಯಾಂಕಿನ ಸಾಲ ಪಹಣಿಯಲ್ಲಿ ದಾಖಲಾದಾಗ ನಿಮ್ಮ ಭಾಗದ ರೈತರು ‘ಬೋಜಾ’ ಎನ್ನುತ್ತಾರೆ. ಆ ಪದದ ಅರ್ಥವೂ ಹೊರೆಯೇ. ಆದ್ದರಿಂದ ಅನುವಾದಕ್ಕೆ ಕೂತಾಗ ಪರ್ಯಾಯ ಪದಗಳ ಪಟ್ಟಿಯನ್ನು ನೋಡುವುದಕ್ಕಿಂತ ಮೊದಲು, ಯಾರು ಯಾರ ಮೇಲೆ ಏನನ್ನು ಹೊರಿಸುತ್ತಿದ್ದಾರೆ ಎಂದು ಕೇಳಿಕೊಳ್ಳಿ.

ನಿಮ್ಮ ವೃತ್ತಿಯಲ್ಲಿ ಹೆಚ್ಚು ಎಡವುವ ಜಾಗ ನ್ಯಾಯಾಲಯದ ಸುದ್ದಿ. ಪೊಲೀಸರು ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಸಲ್ಲಿಸುವುದು ‘ಚಾರ್ಜ್‌ಶೀಟ್’, ಅಂದರೆ ದೋಷಾರೋಪ ಪಟ್ಟಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೆಯ ಸೆಕ್ಷನ್ನಿನಡಿ ಅದು ಪೊಲೀಸ್ ವರದಿ ಮಾತ್ರ. ಆ ವರದಿಯನ್ನೂ ದಾಖಲೆಗಳನ್ನೂ ಪರಿಶೀಲಿಸಿ, ಆರೋಪಿ ಯಾವ ಯಾವ ಅಪರಾಧಗಳಿಗಾಗಿ ವಿಚಾರಣೆ ಎದುರಿಸಬೇಕೆಂದು ನ್ಯಾಯಾಧೀಶರು ಗೊತ್ತುಪಡಿಸುವುದು ‘ಚಾರ್ಜ್ ಫ್ರೇಮ್’ ಮಾಡುವ ಹಂತ. ಇದಕ್ಕೆ ‘ದೋಷಾರೋಪ ನಿಗದಿ’ ಎಂಬುದು ಸರಿಯಾದ ಮಾತು. ಈ ಎರಡನೆಯ ಹಂತದ ಸುದ್ದಿಗೆ ‘ನ್ಯಾಯಾಲಯ ಆರೋಪಪಟ್ಟಿ ಸಿದ್ಧಪಡಿಸಿತು’ ಎಂದು ಬರೆದರೆ, ಪೊಲೀಸರ ಕೆಲಸವನ್ನು ನ್ಯಾಯಾಧೀಶರ ಕೈಗೆ ಕೊಟ್ಟಂತಾಗುತ್ತದೆ. ಇನ್ನು, ನೆರೆಮನೆಯವರು ಮಾಡಿದ್ದೂ ಆರೋಪ, ನ್ಯಾಯಾಲಯ ನಿಗದಿಪಡಿಸಿದ್ದೂ ಆರೋಪ ಎಂದಾದರೆ ಓದುಗರಿಗೆ ವ್ಯತ್ಯಾಸ ತಿಳಿಯದು. ಕಾನೂನಿನ ಸಂದರ್ಭಕ್ಕೆ ‘ದೋಷಾರೋಪ’ವನ್ನು ಮೀಸಲಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ದಾಳಿಯ ಅರ್ಥ ಸ್ವಲ್ಪ ದೂರದ್ದು. ಬಂದೂಕಿಗೆ ಮದ್ದು ತುಂಬುವುದಕ್ಕೂ ಶತ್ರುವಿನ ಮೇಲೆ ನುಗ್ಗುವುದಕ್ಕೂ ‘ಚಾರ್ಜ್’ ಎನ್ನುವ ರೂಢಿ 16ನೆಯ ಶತಮಾನದ್ದು. ಮೊದಲನೆಯದರಿಂದ ಎರಡನೆಯದು ಬಂದಿರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷರ ಕುದುರೆಪಡೆ ರಷ್ಯನ್ನರ ಫಿರಂಗಿಗಳಿಗೆ ಎದುರಾಗಿ ಓಡಿಹೋದದ್ದು ಚಾರಿತ್ರಿಕವಾದ ‘ಚಾರ್ಜ್’. ಇಲ್ಲಿ ಮುಖ್ಯವಾದದ್ದು ವೇಗದಿಂದ ನುಗ್ಗುವ ಕ್ರಿಯೆ, ಹೊಡೆತವಲ್ಲ. ಬಂಡೀಪುರದಲ್ಲಿ ಆನೆ ಕಿವಿಯಗಲಿಸಿ ಜೀಪಿನತ್ತ ಓಡಿಬಂದು ಅರ್ಧದಲ್ಲೇ ನಿಂತರೂ ಇಂಗ್ಲಿಷಿನಲ್ಲಿ ಅದು ‘ಚಾರ್ಜ್’ ಆಗುತ್ತದೆ. ಅದನ್ನು ‘ಆನೆ ದಾಳಿ’ ಎಂದು ಬರೆದರೆ ಯಾರಿಗೆ ಏನಾಯಿತೋ ಎಂದು ಓದುಗರು ಗಾಬರಿಯಾಗುತ್ತಾರೆ. ‘ಆನೆ ನುಗ್ಗಿ ಬಂತು’ ಎಂದರೆ ಸಾಕು. ಲಾಠಿಯ ವಿಷಯದಲ್ಲಿ ಮಾತ್ರ ನಾವು ‘ಪ್ರಹಾರ’ ಎಂದು ಹೊಡೆತವನ್ನೇ ಹೆಸರಿಸಿದ್ದೇವೆ. ಏಟು ತಿಂದವರು ಅದನ್ನು ಒಪ್ಪುವರೆಂದು ಕಾಣುತ್ತದೆ.

ಪ್ರಶ್ನೆ: ಕಚೇರಿಯ ಪತ್ರಗಳಲ್ಲಿ ‘ಇನ್‌ಚಾರ್ಜ್’ ಎಂಬುದಕ್ಕೆ ಪ್ರಭಾರ, ಉಸ್ತುವಾರಿ, ಹಂಗಾಮಿ ಎಂಬ ಮೂರು ಪದಗಳನ್ನೂ ಕಾಣುತ್ತೇನೆ. ಇವು ಸಮಾನಾರ್ಥಕಗಳೇ?
— ನಿವೃತ್ತ ಸರ್ಕಾರಿ ನೌಕರರು, ತುಮಕೂರು

ಉತ್ತರ: ಅಲ್ಲ. ‘ಪ್ರಭಾರ’ ಎಂದಾಗ ಆ ಹುದ್ದೆಗೆ ಕಾಯಂ ಆಗಿ ಯಾರೂ ಇಲ್ಲ, ಅಥವಾ ಇರಬೇಕಾದವರು ರಜೆಯಲ್ಲಿದ್ದಾರೆ, ಆದ್ದರಿಂದ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ ಎಂಬ ಸೂಚನೆ ಇರುತ್ತದೆ. ಪ್ರಭಾರ ಮುಖ್ಯಶಿಕ್ಷಕರು ಕಾಯಂ ಮುಖ್ಯಶಿಕ್ಷಕರು ಬರುವವರೆಗೆ ಮಾತ್ರ. ‘ಉಸ್ತುವಾರಿ’ಯಲ್ಲಿ ತಾತ್ಕಾಲಿಕತೆಯ ಛಾಯೆ ಇಲ್ಲ, ಮೇಲ್ವಿಚಾರಣೆಯ ಅರ್ಥವಿದೆ, ಜಿಲ್ಲಾ ಉಸ್ತುವಾರಿ ಸಚಿವರನ್ನು ‘ಪ್ರಭಾರ ಸಚಿವರು’ ಎಂದರೆ ಅವರಿಗೂ ಹಿತವಾಗದು, ಅರ್ಥವೂ ಕೆಡುತ್ತದೆ. ‘ಹಂಗಾಮಿ’ ಇಂಗ್ಲಿಷಿನ ‘ಆಕ್ಟಿಂಗ್’ ಎಂಬುದಕ್ಕೆ ಹತ್ತಿರ. ವರ್ಗಾವಣೆಯಾದವರು ‘ಚಾರ್ಜ್ ಕೊಟ್ಟರು’ ಎಂಬ ಕಚೇರಿ ಮಾತನ್ನು ಬರಹದಲ್ಲಿ ‘ಕಾರ್ಯಭಾರ ಹಸ್ತಾಂತರಿಸಿದರು’ ಎನ್ನಬಹುದು. ನಮ್ಮ ‘ಕಾರುಬಾರು’ ಇದರದೇ ಅಪಭ್ರಂಶವೆಂದು ಕೆಲವರು ತಿಳಿಯುವುದುಂಟು. ಅದು ಪಾರಸಿಯಿಂದ ಬಂದದ್ದು. ಆದರೆ ಪಾರಸಿಯ ‘ಬಾರ್’ ಎಂದರೂ ಹೊರೆ, ಸಂಸ್ಕೃತದ ‘ಭಾರ’ಕ್ಕೆ ಅದು ನೆಂಟ.

ಪ್ರಶ್ನೆ: ಮೊಬೈಲನ್ನು ಚಾರ್ಜ್ ಮಾಡುವುದಕ್ಕೆ ‘ವಿದ್ಯುದಾವೇಶಗೊಳಿಸು’ ಎಂದು ವಿದ್ಯಾರ್ಥಿಯೊಬ್ಬ ಬರೆದಿದ್ದಾನೆ. ಸರಿಯೇ?
— ವಿಜ್ಞಾನ ಶಿಕ್ಷಕಿ, ಪುತ್ತೂರು

ಉತ್ತರ: ಹುಡುಗನ ಕನ್ನಡಪ್ರೀತಿ ಮೆಚ್ಚತಕ್ಕದ್ದೇ, ಆದರೆ ವಿಜ್ಞಾನ ಒಪ್ಪುವುದಿಲ್ಲ. 18ನೆಯ ಶತಮಾನದ ನಡುವೆ ಲೇಡನ್ ಜಾಡಿಯೊಂದಿಗೆ ಪ್ರಯೋಗ ಮಾಡುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಮೊದಲಾದವರು ಜಾಡಿಗೆ ವಿದ್ಯುತ್ತನ್ನು ತುಂಬುವುದಕ್ಕೆ ‘ಚಾರ್ಜ್’ ಎಂದರು. ಫಿರಂಗಿಗೆ ಮದ್ದು ತುಂಬುವ ಮಾತು ಆಗಲೇ ಬಳಕೆಯಲ್ಲಿತ್ತು. ಅಂಥ ಜಾಡಿಗಳ ಸಾಲಿಗೆ ಫಿರಂಗಿ ಸಾಲಿನ ಹೆಸರಾದ ‘ಬ್ಯಾಟರಿ’ಯನ್ನೇ ಇಟ್ಟವನೂ ಫ್ರಾಂಕ್ಲಿನ್. ಮುಂದೆ ಎಲೆಕ್ಟ್ರಾನು, ಪ್ರೋಟಾನುಗಳ ಮೂಲಗುಣಕ್ಕೂ ಅದೇ ಹೆಸರು ನಿಂತಿತು. ಪಠ್ಯಪುಸ್ತಕಗಳ ‘ವಿದ್ಯುದಾವೇಶ’ ಈ ಗುಣಕ್ಕೆ ಸಲ್ಲುವ ಪದ. ‘ಆವೇಶ’ ಎಂದರೆ ಒಳಹೊಗುವುದು. ಮೈಮೇಲೆ ದೇವರು ಬಂದಾಗಲೂ ಅದನ್ನೇ ಹೇಳುತ್ತೇವೆ.

ಮೊಬೈಲಿನ ಬ್ಯಾಟರಿಯಲ್ಲಿ ನಡೆಯುವುದು ಬೇರೆ. ಹೊರಗಿನ ವಿದ್ಯುತ್ತು ಒಳಗೆ ರಾಸಾಯನಿಕ ಬದಲಾವಣೆಯನ್ನು ಉಂಟುಮಾಡುತ್ತದೆ, ಶಕ್ತಿ ಆ ರೂಪದಲ್ಲಿ ಉಳಿಯುತ್ತದೆ. ಒಂದು ತುದಿಯಿಂದ ಒಳಬಂದಷ್ಟೇ ಎಲೆಕ್ಟ್ರಾನುಗಳು ಇನ್ನೊಂದು ತುದಿಯಿಂದ ಹೊರಹೋಗುವುದರಿಂದ ಬ್ಯಾಟರಿಯ ಒಟ್ಟು ವಿದ್ಯುದಾವೇಶ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಕನ್ನಡಿಗರೆಲ್ಲರೂ ‘ಚಾರ್ಜಿಗೆ ಹಾಕು’ ಎಂದು ಕನ್ನಡದ ವಿಭಕ್ತಿ ಹಚ್ಚಿ ಆಡುತ್ತಿರುವಾಗ ಅದನ್ನು ಹಾಗೆಯೇ ಬಿಡುವುದು ಮೇಲು.

ಪ್ರಶ್ನೆ: ‘ಬಸ್ ಚಾರ್ಜ್’ ಎನ್ನುವುದು ತಪ್ಪು ಇಂಗ್ಲಿಷ್ ಎನ್ನುತ್ತಾರಲ್ಲ?
— ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ಪ್ರಯಾಣಕ್ಕೆ ಕೊಡುವ ಹಣಕ್ಕೆ ಇಂಗ್ಲಿಷಿನವರು ‘ಫೇರ್’ ಎಂದೂ ರಸ್ತೆ ಸುಂಕಕ್ಕೆ ‘ಟೋಲ್’ ಎಂದೂ ವೈದ್ಯರಿಗೂ ವಕೀಲರಿಗೂ ಕೊಡುವುದಕ್ಕೆ ‘ಫೀ’ ಎಂದೂ ಹೇಳುವುದು ನಿಜ. ಆದರೆ ‘ಬಸ್ ಚಾರ್ಜು’ ಈಗ ಕನ್ನಡದ ಮಾತು, ಅದನ್ನು ತಿದ್ದುವ ಅಗತ್ಯವಿಲ್ಲ. ಬರಹಕ್ಕೆ ‘ಪ್ರಯಾಣ ದರ’ ಇದ್ದೇ ಇದೆ. 2025ರ ಜನವರಿಯಲ್ಲಿ ರಾಜ್ಯದ ಸಾರಿಗೆ ನಿಗಮಗಳು ಶೇ 15ರಷ್ಟು ಏರಿಸಿದಾಗ ಪತ್ರಿಕೆಗಳು ಅದನ್ನೇ ಬಳಸಿದವು. ಚಿನ್ನದಂಗಡಿಯ ‘ಮೇಕಿಂಗ್ ಚಾರ್ಜ್’ ಮಾತ್ರ ಶುಲ್ಕವಲ್ಲ, ಕೂಲಿ ಅಥವಾ ಮಜೂರಿ.

ಪ್ರಶ್ನೆ: ಆರೋಪಿ ‘ಡಿಸ್ಚಾರ್ಜ್’ ಆದ ಎಂದರೆ ಖುಲಾಸೆಯಾದ ಎಂದೇ?
— ಕಾನೂನು ವಿದ್ಯಾರ್ಥಿ, ಕಲಬುರಗಿ

ಉತ್ತರ: ಇಲ್ಲ. ದೋಷಾರೋಪವನ್ನು ನಿಗದಿಪಡಿಸಲು ತಕ್ಕ ಆಧಾರವೇ ಇಲ್ಲವೆಂದು ವಿಚಾರಣೆಗೆ ಮೊದಲೇ ಬಿಡುವುದು ‘ಡಿಸ್ಚಾರ್ಜ್’. ಹೊರೆ ಹೊರಿಸುವ ಮೊದಲೇ ಕೈಬಿಟ್ಟಂತೆ. ಸಾಕ್ಷ್ಯಗಳ ವಿಚಾರಣೆ ನಡೆದು ತೀರ್ಪಿನಲ್ಲಿ ನಿರ್ದೋಷಿ ಎಂದಾಗ ಅದು ‘ಅಕ್ವಿಟಲ್’, ನಮ್ಮ ‘ಖುಲಾಸೆ’ ಸಲ್ಲುವುದು ಅದಕ್ಕೆ. ಮೊದಲನೆಯದಕ್ಕೆ ‘ಪ್ರಕರಣದಿಂದ ಕೈಬಿಡಲಾಯಿತು’ ಎಂದು ಬರೆಯಿರಿ. ಹೊಸ ಸಾಕ್ಷ್ಯ ಸಿಕ್ಕರೆ ಅಂಥವನ ಮೇಲೆ ಮತ್ತೆ ಕ್ರಮ ಜರುಗಿಸಲು ಅವಕಾಶವಿರುತ್ತದೆ, ಖುಲಾಸೆಯಾದವನನ್ನು ಅದೇ ಅಪರಾಧಕ್ಕಾಗಿ ಮತ್ತೆ ವಿಚಾರಣೆಗೆ ಗುರಿಪಡಿಸುವಂತಿಲ್ಲ.