ಬಣ್ಣ ಬಿಟ್ಟ ಸೀರೆ, ನಿದ್ದೆ ಕೆಟ್ಟ ಮನೆ

ಅವರನ್ನು ಇಲ್ಲಿ ಶೈಲಾ ಅಂತ ಕರೆಯೋಣ. ನಿಜವಾದ ಹೆಸರು ಬೇರೆ. ವಯಸ್ಸು, ಬಡಾವಣೆ, ಮನೆಯವರ ಬಗ್ಗೆ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲಾ ಅಂತ ಕೇಳಿದಾಗ, "ನನ್ ಥರ ಮನೇಲಿ ಕೂತು ಮಾರೋರು ದಾವಣಗೆರೇಲಿ ಬೇಕಾದಷ್ಟು ಜನ ಇದಾರೆ ಮೇಡಂ, ಬರೀರಿ" ಅಂದರು.

ಶೈಲಾ ಕಾಟನ್ ಸೀರೆ ಮಾರುತ್ತಾರೆ. ಒಂದು ವಾಟ್ಸಾಪ್ ಗುಂಪು, ಇನ್‌ಸ್ಟಾಗ್ರಾಂ ಖಾತೆ, ಜೊತೆಗೆ ಒಂದು ಮಾರಾಟದ ಆ್ಯಪ್. ಸೀರೆ ಸಗಟು ವ್ಯಾಪಾರಿಯಿಂದ ಬರುತ್ತದೆ. ಕುಚ್ಚು ಮಾತ್ರ ಇವರೇ ಕಟ್ಟುತ್ತಾರೆ. ಗಂಡ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಅತ್ತೆ ಜೊತೆಗೇ ಇದ್ದಾರೆ.

ನಾನು ಆಪ್ತ ಸಮಾಲೋಚಕಿ. ನನ್ನ ಹತ್ತಿರ ಬಂದದ್ದು ವ್ಯಾಪಾರದ ವಿಚಾರಕ್ಕಲ್ಲ. ರಾತ್ರಿ ನಿದ್ದೆ ಇಲ್ಲ. ಫೋನ್ ಟಿಣ್ ಅಂದರೆ ಎದೆ ಡವಡವ. ಮಗನ ಮೇಲೆ ಸುಮ್ನೆ ರೇಗಾಟ. ಥೈರಾಯ್ಡ್ ಇರಬಹುದು ಅಂತ ರಕ್ತ ಪರೀಕ್ಷೆಯನ್ನೂ ಮಾಡಿಸಿದ್ದರು, ಏನೂ ಇರಲಿಲ್ಲ. ಇದೆಲ್ಲ ಯಾವಾಗಿಂದ ಅಂತ ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಿ, "ಆ ಮೆರೂನ್ ಸೀರೆಯಿಂದ" ಅಂದರು.

ರಾಣೆಬೆನ್ನೂರಿನ ಒಬ್ಬರು ಗೃಹಪ್ರವೇಶಕ್ಕೆಂದು ಮೆರೂನ್ ಸೀರೆ ತರಿಸಿಕೊಂಡಿದ್ದರು. ಉಟ್ಟು, ಒಗೆದರು. ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಕೆನೆ ಬಣ್ಣದ ಅಂಚೆಲ್ಲ ಗುಲಾಬಿ ಆಯಿತು. ರಾತ್ರಿ ಮೆಸೇಜ್ ಬಂತು: "ಅಕ್ಕಾ, ಇದು ಸೀರೆನಾ, ಓಕುಳಿ ನೀರಾ?" ಶೈಲಾ ಎದ್ದು ಕೂತರು. ಫೋಟೊ ಕೇಳಲಿಲ್ಲ, ಹೇಗೆ ಒಗೆದಿರಿ ಅನ್ನಲಿಲ್ಲ, ಸೀರೆ ವಾಪಸ್ ಕಳಿಸಿ ಅನ್ನಲೂ ಇಲ್ಲ. ಪೂರ್ತಿ ದುಡ್ಡು ಅದೇ ಗಳಿಗೆಯಲ್ಲಿ ಫೋನಿನಿಂದ ಹಾಕಿಬಿಟ್ಟರು. ಸ್ವಲ್ಪ ದಿನಕ್ಕೆ ಅದೇ ಬಣ್ಣದ ಇನ್ನೊಂದು ಸೀರೆಯ ದೂರು. ಮತ್ತೆ ದುಡ್ಡು ವಾಪಸ್. ಮೂರನೆಯವರು "ಮೋಸ ಮಾಡ್ತೀರಾ" ಅಂತ ಬರೆದರು. ಅವರನ್ನು ಬ್ಲಾಕ್ ಮಾಡಿದರು. ಆಕೆ ಬೇರೆ ನಂಬರಿನಿಂದ ಬಂದು "ಗ್ರಾಹಕರ ಕೋರ್ಟಿಗೆ ಹಾಕ್ತೀನಿ" ಅಂದರು. ಅವತ್ತಿನಿಂದ ನಿದ್ದೆ ಪೂರ್ತಿ ಹೋಯಿತು.

ಇಬ್ಬರ ಜೊತೆ ಒಳ್ಳೆಯವಳಾಗಿದ್ದೆ, ಮೂರನೆಯವರ ಜೊತೆ ಕೆಟ್ಟವಳಾದೆ ಅಂತ ಶೈಲಾ ಲೆಕ್ಕ. ನನಗೆ ಹಾಗೆ ಕಾಣಲಿಲ್ಲ. ಕೇಳದೆ ದುಡ್ಡು ಹಾಕಿದ್ದೂ ಓಡಿಹೋದದ್ದೇ, ಬ್ಲಾಕ್ ಮಾಡಿದ್ದೂ ಓಡಿಹೋದದ್ದೇ. ಎರಡೂ ಸಲ ಅವರಿಗೆ ಬೇಕಿದ್ದದ್ದು ಒಂದೇ, ಆ ಮೆಸೇಜ್ ಕಣ್ಣ ಮುಂದಿನಿಂದ ಹೋಗಬೇಕು. ಹೀಗಾಗಿ ಸೀರೆಗೆ ಏನಾಗಿದೆ ಅಂತ ಯಾರೂ ನೋಡಲೇ ಇಲ್ಲ. ಬೀರುವಿನಲ್ಲಿದ್ದ ಅದೇ ಲಾಟಿನ ಮೆರೂನ್ ಸೀರೆಗಳು ಒಂದೊಂದಾಗಿ ಮಾರಾಟ ಆಗುತ್ತಲೇ ಇದ್ದವು. ಇದನ್ನು ಹೇಳಿದಾಗ ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ.

ಮೊದಲು ಒಂದು ಸಣ್ಣ ಕೆಲಸ ಕೊಟ್ಟೆ. ನೋಟ್‌ಬುಕ್ಕಿನ ಹಾಳೆ ನಡುವೆ ಗೆರೆ ಎಳೆದು, ಎಡಕ್ಕೆ ಗಿರಾಕಿ ಬರೆದದ್ದು, ಬಲಕ್ಕೆ ಶೈಲಾಗೆ ಕೇಳಿಸಿದ್ದು. ಮುಂದಿನ ವಾರ ತಂದ ಹಾಳೆಯ ಎಡಗಡೆ "ಅಂಚಿಗೆ ಬಣ್ಣ ಹತ್ತಿದೆ" ಅಂತಿತ್ತು. ಬಲಗಡೆ "ನೀನು ಕಳ್ಳಿ". ಎಡಗಡೆ "ಫೋಟೊದಲ್ಲಿ ಬೇರೆ ಥರ ಕಾಣ್ತಿತ್ತು", ಬಲಗಡೆ "ನಿನಗೆ ವ್ಯಾಪಾರ ಮಾಡೋಕೆ ಬರಲ್ಲ, ಮನೆಗೆ ಹೋಗು". ಕೊನೆಯದು ಯಾರ ದನಿ ಅಂದರೆ, ನಗುತ್ತಾ "ನಮ್ಮತ್ತೇದು" ಅಂದರು. ಕಳ್ಳಿ ಅನ್ನುವುದರ ಹಿಂದೆ ಇನ್ನೂ ಹಳೆಯ ಕಥೆ ಇತ್ತು. ಅಪ್ಪನ ಕಿರಾಣಿ ಅಂಗಡಿ, ಹುಳ ಬಿದ್ದ ರವೆ, ಬೀದಿಯಲ್ಲಿ ನಿಂತು ಕೂಗಾಡಿದ ಒಬ್ಬ ಗಿರಾಕಿ. ಅದರ ಬಗ್ಗೆ ಮಾತಾಡಿದೆವು. ಇಲ್ಲಿ ಅಷ್ಟು ಸಾಕು.

ಗಂಡನನ್ನು ಒಂದು ಸಲ ಕರೆದುಕೊಂಡು ಬನ್ನಿ ಅಂದಿದ್ದೆ. ಬಂದರು. ಮಾತು ಕಡಿಮೆಯ ಮನುಷ್ಯ. ಯಾರ್ಡಿನಲ್ಲಿ ಮೆಕ್ಕೆಜೋಳಕ್ಕೆ ತಕರಾರು ಬಂದರೆ ಏನು ಮಾಡ್ತೀರಿ ಅಂತ ಕೇಳಿದೆ. "ತಕರಾರು ದಿನಾ ಇರ್ತದೆ ಮೇಡಂ. ತೇವ ಜಾಸ್ತಿ ಅಂತ ಖರೀದಿದಾರ ಅಂತಾನೆ, ಇಲ್ಲ ಅಂತ ರೈತ ಅಂತಾನೆ. ಚೀಲದಿಂದ ಒಂದು ಹಿಡಿ ತೆಗೆದು ಮೀಟರಿಗೆ ಹಾಕ್ತೀವಿ. ಎಷ್ಟು ಬಂತೋ ಅದರ ಮೇಲೆ ರೇಟು." ರೈತ ಅಳ್ತಾನಾ ಅಂದೆ. "ಬೈತಾನೆ. ಆಮೇಲೆ ಚಾ ಕುಡಿದು ಹೋಗ್ತಾನೆ." ಶೈಲಾ ಗಂಡನ ಕಡೆ ತಿರುಗಿ, "ಇದನ್ನ ನನಗೆ ಯಾಕ್ರೀ ಹೇಳಲಿಲ್ಲ?" ಅಂದರು. "ನೀನು ಕೇಳಲಿಲ್ಲ" ಅಂದರು ಅವರು. ದೂರು ಬಂದರೆ ಮೊದಲು ಮೀಟರ್ ಹಾಕೋದು ಅಂತ ಅವತ್ತು ತೀರ್ಮಾನ ಆಯಿತು. ನನ್ನ ಎಷ್ಟೋ ಮಾತು ಮಾಡದ ಕೆಲಸವನ್ನು ಅದು ಮಾಡಿತು.

ಮನಸ್ಸಿನ ಕೆಲಸ ಒಂದೇ ಸಾಲುತ್ತಿರಲಿಲ್ಲ. ಭಯಕ್ಕೆ ಅರ್ಧ ಕಾರಣ ಕಾನೂನು ಏನು ಹೇಳುತ್ತದೆ ಅಂತ ಗೊತ್ತಿಲ್ಲದೇ ಇದ್ದದ್ದು. ಅವರ ಪ್ರತಿ ಪೋಸ್ಟಿನ ಕೆಳಗೆ "ಮಾರಿದ ಸೀರೆ ವಾಪಸ್ ಪಡೆಯುವುದಿಲ್ಲ, ಪೊಟ್ಟಣ ಬಿಚ್ಚುವ ವಿಡಿಯೊ ಕಡ್ಡಾಯ" ಅಂತ ಇತ್ತು. ಎಲ್ಲರೂ ಹಾಕ್ತಾರೆ ಅಂತ ಇವರೂ ಹಾಕಿದ್ದರು. ಬಣ್ಣ ಇಷ್ಟ ಆಗಲಿಲ್ಲ, ಮನಸ್ಸು ಬದಲಾಯಿತು ಅನ್ನುವವರಿಗೆ ಆ ಸಾಲು ಹೇಳಬಹುದು. ದೋಷ ಇರುವ ಮಾಲಿಗೆ ಅದು ನಡೆಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷದ ಮಾಲನ್ನು ವಾಪಸ್ ಪಡೆದು ದುಡ್ಡು ಕೊಡಲು ಒಪ್ಪದೇ ಇರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಅಷ್ಟರೊಳಗೆ, ಇಲ್ಲದಿದ್ದರೆ 30 ದಿನದೊಳಗೆ ಕೊಡಬೇಕು. ಆ್ಯಪ್‌ನಲ್ಲಿ ಮಾರುವವರಿಗೆ 2020ರ ಇ-ಕಾಮರ್ಸ್ ನಿಯಮಗಳೂ ಇವೆ. ಮಾಲು ದೋಷದ್ದಾಗಿದ್ದರೆ, ತೋರಿಸಿದ ಹಾಗೆ ಇಲ್ಲದಿದ್ದರೆ ವಾಪಸ್ ಇಲ್ಲ ಅನ್ನುವ ಹಾಗಿಲ್ಲ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ವಿಡಿಯೊ ವಿಚಾರ ನನಗೆ ಸ್ವಲ್ಪ ನಗು ತರಿಸುತ್ತದೆ. ಹರಿದದ್ದು, ಕಲೆ ಇದ್ದದ್ದು, ಬೇರೆ ಸೀರೆ ಬಂದದ್ದು ವಿಡಿಯೊದಲ್ಲಿ ಕಾಣುತ್ತೆ, ಕೇಳಿ, ತಪ್ಪಲ್ಲ. ಬಣ್ಣ ಬಿಡೋದು ಪೊಟ್ಟಣ ಬಿಚ್ಚುವಾಗ ಗೊತ್ತಾಗುತ್ತಾ?

ಕೋರ್ಟಿನ ಬೆದರಿಕೆ ಬರೀ ಬಾಯಿಮಾತು ಅಂತ ನಾನು ಸಮಾಧಾನ ಹೇಳಲಿಲ್ಲ. ಕೊಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ತಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ದಾವಣಗೆರೆಗೆ ಬರಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಆದರೆ ಒಂದು ಸೀರೆಗಾಗಿ ಅಷ್ಟು ದೂರ ಹೋಗುವವರು ಸಾಮಾನ್ಯವಾಗಿ ದುಡ್ಡು ಹೋಯಿತು ಅಂತ ಹೋಗುವುದಿಲ್ಲ, ತಮ್ಮ ಮಾತಿಗೆ ಉತ್ತರವೇ ಸಿಗಲಿಲ್ಲ ಅಂತ ಹೋಗುತ್ತಾರೆ. ಇದು ನನ್ನ ಅಂದಾಜು. ಶೈಲಾಗೆ ಕೊಟ್ಟ ಸಲಹೆ ಅದರ ಮೇಲೆಯೇ ನಿಂತಿತ್ತು: ಬ್ಲಾಕ್ ತೆಗೆಯಿರಿ, ಬರೆಯಿರಿ.

ಏನು ಬರೆಯಬೇಕು ಅನ್ನುವುದೇ ದೊಡ್ಡ ಕೆಲಸ ಆಯಿತು. ಮೊದಲ ಕರಡಿನಲ್ಲಿ ಕ್ಷಮೆ ಐದು ಸಲ ಇತ್ತು, "ಮಗನಿಗೆ ಜ್ವರ ಇತ್ತು" ಅಂತಲೂ ಇತ್ತು. ಎರಡನೆಯದು ಶುರುವಾದದ್ದೇ "ಬೇರೆ ಯಾರೂ ಹೀಗೆ ಹೇಳಿಲ್ಲ" ಅಂತ. ಅದು ಸುಳ್ಳು ಕೂಡ, ಅಲ್ವಾ? ಇಬ್ಬರು ಆಗಲೇ ಹೇಳಿದ್ದರು. ಕೊನೆಗೆ ಹೋದದ್ದು ಇದು:

"ನಮಸ್ಕಾರ ಅಕ್ಕಾ. ಉತ್ತರ ಕೊಡದೆ ಬ್ಲಾಕ್ ಮಾಡಿದ್ದು ತಪ್ಪಾಯ್ತು. ಸೀರೆ ಬಣ್ಣ ಬಿಟ್ಟಿದೆ ಅಂದಿದ್ದೀರಿ. ಹಗಲು ಬೆಳಕಲ್ಲಿ ಅಂಚಿನ ಫೋಟೊ, ಪೂರ್ತಿ ಸೀರೆಯ ಫೋಟೊ ಕಳಿಸಿ. ಹೇಗೆ ಒಗೆದಿರಿ ಅಂತಾನೂ ಹೇಳಿ. ನೋಡಿ, ಏನು ಮಾಡ್ತೀನಿ ಅಂತ ನಾಳೆ ಸಂಜೆಯೊಳಗೆ ತಿಳಿಸ್ತೀನಿ."

ಉಪ್ಪು ನೀರಲ್ಲಿ ನೆನೆಸಿ ಸರಿ ಹೋಗುತ್ತೆ ಅಂತ ಸೇರಿಸಲಾ ಅಂತ ಕೇಳಿದರು. ಬೇಡ ಅಂದೆ. ಬಣ್ಣ ಸರಿಯಾಗಿ ಹಿಡಿಯದ ಬಟ್ಟೆಗೆ ಉಪ್ಪು ಏನೂ ಮಾಡಲ್ಲ. ಮಾರುವವರು ಕೈ ತೊಳೆದುಕೊಳ್ಳೋಕೆ ಹೇಳುವ ಮಾತು ಅದು.

ಮನೆಗೆ ಹೋಗಿ ಶೈಲಾ ಮೀಟರ್ ಹಾಕಿದರು. ಹಳೇ ಬಿಳಿ ಪಂಚೆಯ ತುಂಡನ್ನು ಒದ್ದೆ ಮಾಡಿ ಹಿಂಡಿ, ಸೀರೆಯ ಒಳಮಡಿಕೆಯ ಮೇಲೆ ಹತ್ತು ಸಲ ಉಜ್ಜಿದರು. ಬೀರುವಿನಲ್ಲಿದ್ದ ಅಷ್ಟೂ ಬಣ್ಣಕ್ಕೆ. ಹಸಿರು, ಸಾಸಿವೆ, ಬೂದು ಬಣ್ಣಗಳಲ್ಲಿ ಪಂಚೆ ಬಿಳಿಯಾಗೇ ಉಳಿಯಿತು. ಮೆರೂನ್ ಪ್ರತಿ ಸೀರೆಯಲ್ಲೂ ಬಿಟ್ಟಿತು. ಆ ತುಂಡುಗಳಿಗೆ ಪಿನ್ ಹಾಕಿ, ಸೀರೆಯ ಚೀಟಿ ಅಂಟಿಸಿ ನನಗೆ ತೋರಿಸೋಕೆ ತಂದಿದ್ದರು. ಒಂದೊಂದು ತುಂಡಿನ ಮೇಲೂ ಹೆಬ್ಬೆರಳಷ್ಟು ಅಗಲ ಕೆಂಪು ಕಲೆ. ಅದನ್ನು ಮೇಜಿನ ಮೇಲೆ ಹರಡಿ, "ನೋಡಿ, ನಾನಲ್ಲ, ಡೈ" ಅಂದರು. ನಾನು ಒಂದು ತಿದ್ದುಪಡಿ ಹಾಕಿದೆ. ಬಣ್ಣ ಹಾಕಿದ್ದು ನೀವಲ್ಲ, ನಿಜ. ದುಡ್ಡು ತೆಗೆದುಕೊಂಡದ್ದು ನೀವು. ಅಪರಾಧಿ ಅನ್ನಿಸಿಕೊಳ್ಳಬೇಕಾಗಿಲ್ಲ, ಜವಾಬ್ದಾರಿ ಮಾತ್ರ ನಿಮ್ಮದೇ.

ಅದೇ ಲಾಟು ಕೊಂಡು ಇನ್ನೂ ದೂರು ಹೇಳದವರ ಪ್ರಶ್ನೆ ಆಗ ಬಂತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ. ಈ ವಿಷಯದಲ್ಲಿ ನಾನು ದಾರಿ ತೋರಿಸಲಿಲ್ಲ, ಎರಡೂ ಕಡೆ ಏನಾಗಬಹುದು ಅಂತ ಅವರಿಂದಲೇ ಬರೆಸಿದೆ. ಎರಡು ದಿನ ಬಿಟ್ಟು ಎಲ್ಲರಿಗೂ ಮೆಸೇಜ್ ಹಾಕಿದರು: ಒಗೆಯುವ ಮುಂಚೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಸೀರೆ ವಾಪಸ್ ಕಳಿಸಿ, ಅಂಚೆ ಖರ್ಚು ನನ್ನದು. ಕೆಲವರು ಕಳಿಸಿದರು. ಒಬ್ಬರು "ನಮ್ಮದು ಆಗಲೇ ಬೇರೆಯವರಿಗೆ ಉಡುಗೊರೆ ಕೊಟ್ಟಾಯ್ತು, ಸುಮ್ನಿರಿ" ಅಂದರು. ಒಬ್ಬರಿಗೆ ದುಡ್ಡೂ ಬೇಕಿತ್ತು, ಸೀರೆಯೂ ಬೇಕಿತ್ತು. ಅವರಿಗೆ ಇಲ್ಲ ಅನ್ನೋಕೆ ಶೈಲಾಗೆ ಅರ್ಧ ದಿನ ಹಿಡಿಯಿತು, ಆದರೂ ಅಂದರು.

ಪಂಚೆ ತುಂಡುಗಳನ್ನು ತೆಗೆದುಕೊಂಡು ಸಗಟು ವ್ಯಾಪಾರಿಯ ಹತ್ತಿರ ಹೋದರು, ಗಂಡನೂ ಜೊತೆಗಿದ್ದರು. ಉಳಿದ ಮಾಲನ್ನು ಅವರು ವಾಪಸ್ ಪಡೆದರು, ಒಗೆದು ಬಂದವನ್ನು ಪಡೆಯಲಿಲ್ಲ. ನಷ್ಟ ಆಯಿತು. ಈಗ ಪ್ರತಿ ಸೀರೆಯ ಲಾಭದಲ್ಲಿ ಸ್ವಲ್ಪ ತೆಗೆದು ವಾಪಸಾತಿಗೆ ಅಂತ ಡಬ್ಬಿಯಲ್ಲಿ ಹಾಕುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಡಬ್ಬಿಯೂ ನಿದ್ದೆಯ ಔಷಧಿಯೇ. ಪ್ರತಿ ವಾಪಸಾತಿಯೂ ಮನೆ ಖರ್ಚಿನಿಂದ ಹೋಗುತ್ತಿದ್ದಾಗ ಅತ್ತೆ ಬಾಯಿಗೆ ಬೀಗ ಇರಲಿಲ್ಲ.

ಫೋನಿಗೂ ಹೊತ್ತು ಗೊತ್ತು ಮಾಡಿದೆವು. ದೂರು ನೋಡೋದು ಬೆಳಿಗ್ಗೆ ಮಗ ಶಾಲೆಗೆ ಹೋದ ಮೇಲೆ ಒಮ್ಮೆ, ಸಂಜೆ ಒಮ್ಮೆ. ರಾತ್ರಿ ಎಂಟರ ನಂತರ ಶಬ್ದ ಬಂದ್. ಉತ್ತರದ ಸಮಯವನ್ನು ಗುಂಪಿನಲ್ಲೇ ಬರೆದು ಹಾಕಿದ್ದಾರೆ. ನಿದ್ದೆ ಮೂರು ವಾರದಲ್ಲಿ ಸುಧಾರಿಸದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡೋಣ ಅಂದಿದ್ದೆ. ನಡುರಾತ್ರಿ ತಡೆಯಲಾಗದಿದ್ದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟಿದ್ದೆ, ಕನ್ನಡದಲ್ಲೂ ಮಾತಾಡುತ್ತಾರೆ. ವೈದ್ಯರ ತನಕ ಹೋಗುವ ಅಗತ್ಯ ಬೀಳಲಿಲ್ಲ.

ಕೋರ್ಟಿಗೆ ಹಾಕ್ತೀನಿ ಅಂದವರು ಫೋಟೊ ಕಳಿಸಿದರು, ದುಡ್ಡು ಪಡೆದರು, ಮತ್ತೆ ಏನನ್ನೂ ಕೊಂಡಿಲ್ಲ. ಆ್ಯಪ್‌ನಲ್ಲಿ ಮಾತ್ರ ಒಂದು ಜಗಳ ಹಾಗೇ ಇದೆ. ಹೊಸ ಸೀರೆ ಕಳಿಸಿದ್ದಕ್ಕೆ ವಾಪಸ್ ಬಂದದ್ದು ಬೇರೆ ಯಾವುದೋ ಹಳೇ ಸೀರೆ, ಕುಚ್ಚೂ ಇವರು ಕಟ್ಟಿದ್ದಲ್ಲ. ಕಳಿಸುವ ಮುಂಚಿನ ಫೋಟೊ ಇರಲಿಲ್ಲ, ಹಾಗಾಗಿ ಆ್ಯಪ್‌ನವರು ಇವರ ಮಾತು ಒಪ್ಪಲಿಲ್ಲ. ಈಗ ಪ್ರತಿ ಸೀರೆಯನ್ನೂ ಕುಚ್ಚು ಕಾಣುವ ಹಾಗೆ ಫೋಟೊ ತೆಗೆದೇ ಪೊಟ್ಟಣ ಕಟ್ಟುತ್ತಾರೆ. ಕಳೆದ ಸಲ ಬಂದಾಗ ಆ ಗಿರಾಕಿ ಕೊಟ್ಟ ಒಂದು ಸ್ಟಾರ್ ರೇಟಿಂಗಿನ ಬಗ್ಗೆ ಬಹಳ ಹೊತ್ತು ಬೈದರು. ಬೈಯಲಿ ಅಂತ ಕೇಳಿಸಿಕೊಂಡೆ.