ಅಮ್ಮ ಮುಚ್ಚಿಟ್ಟದ್ದನ್ನು ಕೆದಕಬೇಕೇ?

ಓದುಗರ ಪತ್ರ: ಯುದ್ಧಕಾಲದಲ್ಲಿ ಶತ್ರು ಸೈನಿಕರಿಗೆ ಹುಟ್ಟಿದ ಮಕ್ಕಳ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ತಾಯಿ ಸಾಯುವವರೆಗೂ ಹೇಳದ ವಿಷಯವನ್ನು ಈ ವಯಸ್ಸಿನಲ್ಲಿ ಮಕ್ಕಳು ಯಾಕೆ ಕೆದಕಬೇಕು? ಸತ್ತವಳ ಮಾನ ತೆಗೆದಂತೆ ಆಗುವುದಿಲ್ಲವೇ?

ಸಂಪಾದಕರ ಉತ್ತರ: ಆ ತಾಯಂದಿರ ಬಗ್ಗೆ ನಿಮಗಿರುವ ಮರುಕ ನನಗೂ ಇದೆ. ಆದರೆ ಕೆದಕಬಾರದು ಎನ್ನುವುದನ್ನು ಒಪ್ಪಲಾರೆ.

ನಾರ್ವೆಯನ್ನೇ ನೋಡಿ. 1940ರಿಂದ 1945ರವರೆಗೆ ಆ ದೇಶ ಜರ್ಮನ್ ಸೇನೆಯ ಹಿಡಿತದಲ್ಲಿತ್ತು. ಜರ್ಮನ್ ಸೈನಿಕರಿಗೆ ಅಲ್ಲಿನ ಹೆಂಗಸರಲ್ಲಿ ಹುಟ್ಟಿದ ಮಕ್ಕಳು ಸುಮಾರು 10ರಿಂದ 12 ಸಾವಿರ. ಯುದ್ಧ ಮುಗಿದ ಮೇಲೆ ಆ ತಾಯಂದಿರಲ್ಲಿ ಎಷ್ಟೋ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಜರ್ಮನರನ್ನು ಮದುವೆಯಾದವರ ಪೌರತ್ವ ಕಿತ್ತುಕೊಂಡು ದೇಶದಿಂದಲೇ ಹೊರಗೆ ಹಾಕಿದರು. ಅಂಥ ಕಡೆ ಮಗುವಿನ ಅಪ್ಪ ಯಾರೆಂದು ಯಾವ ತಾಯಿ ಬಾಯಿಬಿಟ್ಟಾಳು? ಮಗು ಉಳಿಯಲಿ ಅಂತಲೇ ಸುಮ್ಮನಿದ್ದಳು.

ಆದರೆ ಎಷ್ಟೋ ಕಡೆ ಅದು ಗುಟ್ಟಾಗಿ ಉಳಿದಿರಲಿಲ್ಲ. ನೆರೆಹೊರೆಗೆ ಗೊತ್ತಿತ್ತು. ಶಾಲೆಯಲ್ಲಿ ಗೊತ್ತಿತ್ತು. ಗೊತ್ತಿಲ್ಲದ್ದು ಆ ಮಗುವಿಗೆ ಮಾತ್ರ. ಬೈಗುಳ ಬೀಳುತ್ತದೆ, ಯಾಕೆ ಅಂತ ಯಾರೂ ಹೇಳುವುದಿಲ್ಲ. ಆಗ ಮಗು ತಪ್ಪು ತನ್ನದೇ ಅಂದುಕೊಳ್ಳುತ್ತದೆ, ಅಲ್ವಾ? ಹಾಗೆ ಅಂದುಕೊಂಡೇ ಮುದುಕರಾದವರು ಇವತ್ತು ಕಾಗದಪತ್ರ ಹುಡುಕಿದರೆ, ಅಮ್ಮನ ಮಾನ ತೆಗೆಯಲು ಹೊರಟಿದ್ದಾರೆ ಅನ್ನುವುದು ಅನ್ಯಾಯ. ಮಾನ ತೆಗೆದವರು ಬೇರೆಯವರು. 2018ರಲ್ಲಿ ನಾರ್ವೆಯ ಪ್ರಧಾನಿ ಎರ್ನಾ ಸೋಲ್ಬರ್ಗ್ ಸರ್ಕಾರದ ಪರವಾಗಿ ಆ ಹೆಂಗಸರ ಕ್ಷಮೆ ಕೇಳಿದರು. ಅಷ್ಟು ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಬದುಕಿರಲಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡೇ ಇದ್ದಿದ್ದರೆ ಆ ಕ್ಷಮೆಯೂ ಬರುತ್ತಿರಲಿಲ್ಲ.

ಸ್ವೀಡನ್ನಿನ ಪಾಪ್ ಸಂಗೀತ ತಂಡ ಅಬ್ಬಾದ ಗಾಯಕಿ ಆನಿ-ಫ್ರಿದ್ ಲಿಂಗ್‌ಸ್ಟಾಡ್ ಇಂಥದೇ ಮಗು. ಹುಟ್ಟಿದ್ದು 1945ರಲ್ಲಿ, ನಾರ್ವೆಯಲ್ಲಿ. ಅಜ್ಜಿ ಸ್ವೀಡನ್ನಿಗೆ ಕರೆತಂದು ಸಾಕಿದರು. ಜರ್ಮನ್ ಅಪ್ಪ ಮರಳುವ ದಾರಿಯಲ್ಲಿ ಹಡಗು ಮುಳುಗಿ ಸತ್ತರು ಎಂದೇ ನಂಬಿದ್ದರು. 1977ರಲ್ಲಿ ಅಪ್ಪ ಬದುಕಿದ್ದಾರೆಂದು ಗೊತ್ತಾಗಿ, ಭೇಟಿಯೂ ಆಯಿತು.

ಅಮೆರಿಕದ ವಿದೇಶಾಂಗ ಸಚಿವೆಯಾಗಿದ್ದ ಮ್ಯಾಡಲೀನ್ ಆಲ್‌ಬ್ರೈಟ್ ಅವರ ಮನೆಯ ಗುಟ್ಟು ಬೇರೆ ಬಗೆಯದು, ಆದರೆ ಅವರಿಗೆ ಹೆತ್ತವರನ್ನು ಎದುರಿಗೆ ಕೇಳುವ ಅವಕಾಶ ಸಿಗಲಿಲ್ಲ. ಅವರು ಬೆಳೆದದ್ದು ಕ್ಯಾಥೊಲಿಕ್ ಆಗಿ. ತಮ್ಮದು ಯಹೂದಿ ಮನೆತನ, ಅಜ್ಜ ಅಜ್ಜಿಯರಲ್ಲಿ ಮೂವರು ನಾಜಿಗಳ ನರಮೇಧದಲ್ಲಿ ಸತ್ತರು ಎನ್ನುವುದು ತಿಳಿಯುವಾಗ ವಯಸ್ಸು 60ರ ಹತ್ತಿರ. ಯಾಕೆ ಹೇಳಲಿಲ್ಲ ಎಂದು ಕೇಳಲು ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಹಾಗಾಗಿಯೇ, ಕೇಳುವುದಿದ್ದರೆ ಬೇಗ ಕೇಳಿ ಅನ್ನುತ್ತೇನೆ.

ಒಂದು ಕಡೆ ಮಾತ್ರ ನಿಮ್ಮ ಮಾತಿಗೆ ತಲೆಬಾಗುತ್ತೇನೆ. ತಾಯಿ ಬದುಕಿದ್ದಾಳೆ, ಮಗು ಬಲಾತ್ಕಾರದಿಂದ ಹುಟ್ಟಿದ್ದು ಅಂತಿಟ್ಟುಕೊಳ್ಳಿ. 1971ರ ಬಾಂಗ್ಲಾದೇಶದಲ್ಲಿ ಹೀಗೆ ತಾಯಿಯಾದವರಿದ್ದಾರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಪ್ಪಂದ, ಸಾಧ್ಯವಾದಷ್ಟು ಮಟ್ಟಿಗೆ ತಂದೆತಾಯಿ ಯಾರೆಂದು ತಿಳಿಯುವ ಹಕ್ಕು ಮಗುವಿಗಿದೆ ಎನ್ನುತ್ತದೆ. ಅದು ನಿಜ. ಆದರೂ ಆಕೆಯನ್ನು ಕೂರಿಸಿಕೊಂಡು ಹೇಳು ಹೇಳು ಎಂದು ಕಾಡುವ ಹಕ್ಕು ಯಾರಿಗೂ ಇಲ್ಲ. ಒಮ್ಮೆ ಕೇಳಬಹುದು. ಬೇಡ ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಮುಂದಿನ ಹುಡುಕಾಟ ದಾಖಲೆಗಳಲ್ಲಿ ನಡೆಯಲಿ, ಆಕೆಯ ಎದುರಿಗೆ ಬೇಡ.